ಶಿದ್ದಪ್ಪ ಹಾಕಿಟ್ಟು ಹೋದ ತೂತುಗಳು

ದುರಗವ್ವನಿಗೆ ಚರ್ಮದ ಹೊಲಿಗೆ ಬರುತ್ತಿತ್ತು, ಆದರೆ ಅರ್ಧ ಮಾತ್ರ. ಇದು ಚೇಷ್ಟೆಯ ಮಾತಲ್ಲ. ಉಪ್ಪಿನಬೆಟಗೇರಿಯಲ್ಲಿ ಅವಳು ಸೊಸೆಯಾಗಿ ಹೋದ ಮನೆಯಲ್ಲಿ ಗಂಡ ಹೆಂಡತಿ ಕೂಡಿಯೇ ಹೊಲಿಯುವುದು ಪದ್ಧತಿ. ನಡುವೆ ಚರ್ಮ ನಿಲ್ಲಿಸಿಕೊಂಡು ಇಬ್ಬರೂ ಎದುರುಬದುರು ಕೂಡುತ್ತಿದ್ದರು. ತೂತು ಹಾಕುವ ಆರಿ ಗಂಡಸಿನ ಕೈಯಲ್ಲಿ. ಅವನು ಆರಿ ಚುಚ್ಚಿ ತನ್ನ ಸೂಜಿಯನ್ನು ಆ ಕಡೆ ದಾಟಿಸಿದರೆ, ಅವಳು ಅದೇ ತೂತಿನಿಂದ ತನ್ನ ಸೂಜಿಯನ್ನು ಈ ಕಡೆ ಕಳಿಸಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ದಾರ ಎಳೆಯಬೇಕು. ಹೆಂಗಸು ಆರಿ ಮುಟ್ಟುವಂತಿರಲಿಲ್ಲ. ಯಾಕೆ ಎಂದು ಕೇಳಿದರೆ ಅತ್ತೆ, "ಮುಟ್ಟಬಾರದು ಅಂದ್ರ ಮುಟ್ಟಬಾರದು" ಅನ್ನುತ್ತಿದ್ದಳು. ಇಂಥ ಪ್ರಶ್ನೆಗಳಿಗೆ ಅತ್ತೆಯರ ಹತ್ತಿರ ಇರುವುದು ಅದೊಂದೇ ಉತ್ತರ.

ಗಂಡ ಶಿದ್ದಪ್ಪ ಒಳ್ಳೆಯ ಕೆಲಸಗಾರನೇನೋ ಹೌದು, ಆದರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಎತ್ತಿನ ಕೊರಳಪಟ್ಟಿ ಹೊಲಿಯುತ್ತಲೇ ಊರ ಉಸಾಬರಿಯನ್ನೆಲ್ಲ ಹೇಳುವವನು. ಅವಳು ಮಾತುಮಾತಿಗೂ ಹ್ಞೂಂ ಅನ್ನುತ್ತಿರಬೇಕು. ಹ್ಞೂಂ ಬರದಿದ್ದರೆ ಆರಿ ನಿಂತುಬಿಡುತ್ತಿತ್ತು. "ಯಾಕ, ಕಿವಿ ಒಲಿ ಮುಂದ ಬಿಟ್ಟು ಬಂದೀಯೇನ?" ಎಂದು ಕೇಳುತ್ತಿದ್ದ. ಮಾತು ರಂಗೇರಿದ ಕಡೆ ಅವನ ಕೈ ತಡೆದು ಮುಂದಿನ ತೂತು ಒಂದಿಷ್ಟು ದೂರ ಬೀಳುತ್ತಿತ್ತು. ಹೀಗಾಗಿ ಅವನ ಹೊಲಿಗೆಯ ಸಾಲಿನಲ್ಲಿ, ಹಲ್ಲು ಬಿದ್ದ ಮುದುಕನ ಬಾಯಿಯ ಹಾಗೆ, ಅಲ್ಲಲ್ಲಿ ಸಂದು.

"ನಿಮ್ಮ ಮಾತು ಹೊಲಿಗ್ಯಾಗ ಕಾಣ್ತಾವ ನೋಡ್ರಿ" ಎಂದು ಅವಳು ನಗುತ್ತಿದ್ದಳು.

"ಕಾಣ್ಲಿ ಬಿಡು. ಎತ್ತಿಗೇನು ಓದಾಕ ಬರತೈತೇನ?" ಅನ್ನುತ್ತಿದ್ದ ಅವನು.

ಬಾವಿಗಳಿಗೆ ಪಂಪಸೆಟ್ಟು ಬಂದು ನೀರೆತ್ತುವ ಚರ್ಮದ ಚೀಲ ಎಂದೋ ಮೂಲೆ ಸೇರಿತ್ತು. ಮುಂದೆ ನೈಲಾನ್ ಬಂದು ಎತ್ತಿನ ಪಟ್ಟಿಯನ್ನೂ ಕೇಳುವವರಿಲ್ಲದಂತಾಯಿತು. ತೊಂಬತ್ತೆರಡರಲ್ಲಿ ಇಬ್ಬರೂ ಹುಬ್ಬಳ್ಳಿಗೆ ಬಂದು ಕಮರಿಪೇಟೆಯಲ್ಲಿ ಒಂದು ಖೋಲಿ ಹಿಡಿದರು. ಮಕ್ಕಳಾಗಿರಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು. ಚಪ್ಪಲಿ, ಪಟ್ಟಿ, ಹರಿದ ಚೀಲ, ಕೈಗೆ ಬಂದದ್ದನ್ನೆಲ್ಲ ಎದುರುಬದುರು ಕೂತು ಹೊಲಿದರು. ಹುಬ್ಬಳ್ಳಿಯ ಸುದ್ದಿಗಳು ಉಪ್ಪಿನಬೆಟಗೇರಿಯ ಸುದ್ದಿಗಳಷ್ಟು ರುಚಿಯಾಗಿಲ್ಲ ಎಂಬುದೊಂದೇ ಶಿದ್ದಪ್ಪನ ತಕರಾರು. ಹಾಗಾಗಿ ಹಳೆಯವನ್ನೇ ತಿರುಗಿ ಹೇಳುತ್ತಿದ್ದ, ಅವಳು ಹೊಸದಾಗಿ ಕೇಳುವಂತೆ ಹ್ಞೂಂ ಅನ್ನುತ್ತಿದ್ದಳು.

ತೊಂಬತ್ತೆಂಟರ ಶ್ರಾವಣದಲ್ಲಿ ಅವನಿಗೊಂದು ಉಮೇದಿ ಬಂತು. "ಊರ ಮಂದಿಗೆಲ್ಲಾ ಹೊಲದು ಕೊಟ್ಟೆ, ನಿನಗೊಂದು ಚೀಲ ಹೊಲದಿಲ್ಲ ನೋಡು" ಎಂದು ಒಳ್ಳೆಯ ಚರ್ಮ ತಂದು, ಸಂತೆಯ ಚೀಲಕ್ಕೆಂದು ಎರಡು ತುಂಡು ಕೊಯ್ದು, ನೀರಲ್ಲಿ ನೆನೆಹಾಕಿದ. ಅವತ್ತು ಸಂಜೆಯೇ ದುರಗವ್ವನಿಗೆ ಜ್ವರ. ಎದುರಿಗೆ ಕೂಡಲು ಆಗಲಿಲ್ಲ.

"ನೀ ಮಲಕೋ" ಅಂದ ಅವನು. "ಚರ್ಮ ಹಸಿ ಐತಿ, ತೂತ ಎಲ್ಲಾ ಈಗ ಹಾಕಿ ಇಡ್ತೀನಿ. ನಾಳೆ ಕುಂತು ಹೊಲಿಯೂಣು."

ಅವಳು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅವನು ಆರಿ ಚುಚ್ಚುತ್ತ ಮಾತು ಶುರುಮಾಡಿದ. ಮೊದಲನೇ ಬದಿಯ ತುಂಬ ಅವನ ಸೋದರಮಾವನ ಕಥೆ: ಕನ್ಯೆ ನೋಡಲು ಹೋದವನು ಆ ಮನೆಯ ನಾಯಿಗೆ ಹೆದರಿ ಹಿತ್ತಲ ಗೋಡೆ ಹಾರಿ ಬಂದದ್ದು. ಅದನ್ನು ಅವಳು ಸಾವಿರ ಸಲ ಕೇಳಿದ್ದಳು, ಆದರೂ ಹ್ಞೂಂ ಅಂದಳು. ಚೀಲದ ತಳಕ್ಕೆ ಬಂದಾಗ ಮತ್ತಾರದೋ ಸುದ್ದಿ, ಅದಕ್ಕೂ ಹ್ಞೂಂ. ಮೂರನೇ ಬದಿಗೆ ಬರುವಷ್ಟರಲ್ಲಿ ಜ್ವರದ ಮಂಪರಿನಲ್ಲಿ ಅವಳಿಗೆ ನಿದ್ದೆ ಹತ್ತಿತು.

ಬೆಳಿಗ್ಗೆ ಶಿದ್ದಪ್ಪ ಎದೆ ಹಿಡಿದುಕೊಂಡು ಕೂತ. ಆಟೋ ಬಂದು ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನ ದಿನ ಕರ್ಮಗಳೆಲ್ಲ ಆದ ಮೇಲೆ ಅವಳು ಆ ಎರಡು ತುಂಡು ಕೈಗೆ ತೆಗೆದುಕೊಂಡಳು. ಮೊದಲ ಬದಿಯಲ್ಲಿ ಸಂದುಗಳಿದ್ದವು. ಇಲ್ಲಿ ನಾಯಿ ಬಂತು, ಇಲ್ಲಿ ಮಾವ ಗೋಡೆ ಹಾರಿದ, ಎಂದು ಅವಳಿಗೆ ಓದಲು ಬಂತು. ತಳದಲ್ಲೂ ಸಂದುಗಳಿದ್ದವು. ಮೂರನೇ ಬದಿಯ ತೂತುಗಳು ಮಾತ್ರ ದಾರ ಹಿಡಿದು ಹಾಕಿದಂತೆ ಸಮ ಸಮ ಇದ್ದವು. ಹ್ಞೂಂ ಬರದಿದ್ದರೂ ಅವತ್ತು ಅವನು ಅವಳನ್ನು ಎಬ್ಬಿಸಿರಲಿಲ್ಲ. ಬಾಯಿ ಮುಚ್ಚಿಕೊಂಡು ಒಬ್ಬನೇ ಕೂತು ತೂತು ಹಾಕಿದ್ದ. ಅದು ತಿಳಿದ ಗಳಿಗೆಯಲ್ಲಿ ಅವಳು ಅತ್ತಷ್ಟು ಮಣ್ಣು ಕೊಡುವಾಗಲೂ ಅತ್ತಿರಲಿಲ್ಲ.

ಚೀಲ ಹೊಲಿಯಲಿಲ್ಲ. ಎದುರಿಗೆ ಯಾರಿದ್ದರು? ದೇಶಪಾಂಡೆ ನಗರದ ಮನೆಗಳಲ್ಲಿ ಪಾತ್ರೆ ತಿಕ್ಕಿ ಹೊಟ್ಟೆ ಹೊರೆದಳು. ಪ್ರತಿ ಸೋಮವಾರ ತುಂಡುಗಳನ್ನು ಹೊರಗೆ ತೆಗೆದು ಎಣ್ಣೆ ಹಚ್ಚಿ, ಬೆರಳಿನಿಂದ ತೂತುಗಳ ಮೇಲೆ ಆಡಿಸಿ, ತಿರುಗಿ ಅರಿವೆಯಲ್ಲಿ ಸುತ್ತಿಡುತ್ತಿದ್ದಳು. ಬೆರಳಿಗೆ ನಾಯಿಯೂ ಸಿಗುತ್ತಿತ್ತು, ಗೋಡೆಯೂ ಸಿಗುತ್ತಿತ್ತು. ವರ್ಷಗಳು ಹೋದಂತೆ ಅವು ಸಿಗುವುದು ಕಡಿಮೆಯಾಯಿತು. ಆರಿ ಹಾಕಿದ ತೂತು ಚರ್ಮವನ್ನು ಸರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಎಣ್ಣೆ ಕುಡಿದು ಮೆತ್ತಗಾದಂತೆ ಚರ್ಮ ತನ್ನ ಜಾಗಕ್ಕೆ ತಾನು ಬಂದು ಕೂಡುತ್ತಿತ್ತು. ಒಣಗಬಾರದೆಂದು ಅವಳು ಎಣ್ಣೆ ಹಚ್ಚಿದಷ್ಟೂ ತೂತುಗಳು ಮುಚ್ಚುತ್ತಿದ್ದವು. ಕೈಗೆ ಆರಿ ತೆಗೆದುಕೊಂಡು ಅವನ್ನು ತಿರುಗಿ ಬಿಡಿಸುವುದಾದರೆ ಒಂದು ಮಧ್ಯಾಹ್ನದ ಕೆಲಸ. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ಅವಳ ಕೈ ಶಿದ್ದಪ್ಪನ ಆರಿ ಇದ್ದ ಪೆಟ್ಟಿಗೆಯ ಕಡೆ ಹೋಗಲಿಲ್ಲ. ಶಿದ್ದಪ್ಪನ ಮಾತು ಪೂರಾ ಮುಚ್ಚಿಹೋಗುವ ಮೊದಲು ಏನಾದರೂ ಮಾಡಬೇಕು ಎಂಬುದೊಂದೇ ಚಿಂತೆ ಅವಳ ತಲೆಯಲ್ಲಿ.

ಎರಡು ಸಾವಿರದ ಏಳರಲ್ಲಿ ಹಳೆಯ ಅರಳೆ ಗೋದಾಮಿನಲ್ಲಿ ಹೆಂಗಸರ ಸಂಘದವರು ಒಂದು ಕೈಕೆಲಸದ ಶೆಡ್ಡು ತೆರೆದರು. ಯಾರು ಬೇಕಾದರೂ ಬಂದು ಅಲ್ಲಿಯ ಸಾಮಾನು ಬಳಸಬಹುದು. ಅದರ ಯಜಮಾನಿಕೆ ತಾರಾಬಾಯಿಯದು. ಚರ್ಮದ ಕೆಲಸ ಬಲ್ಲ ಹೆಂಗಸು ಎಂದು ಕೇಳಿ ದುರಗವ್ವನನ್ನು ಅವಳೇ ಕರೆದುಕೊಂಡು ಹೋದಳು. ಅಲ್ಲಿ ಒಂದು ಲೇಸರ್ ಮಷಿನ್ನು ಇತ್ತು. ಗಾಜಿನ ಮುಚ್ಚಳದ ಒಳಗೆ ಕಿಡಿಯಷ್ಟು ಬೆಳಕು ಓಡಾಡಿ ಚರ್ಮವನ್ನು ಕೊಯ್ದು, ಅಂಚಿಗೆ ಹೊಲಿಗೆಯ ತೂತುಗಳನ್ನೂ ಸುಟ್ಟು ಇಡುತ್ತಿತ್ತು. ಶೆಡ್ಡಿನ ತುಂಬ ಕೂದಲು ಸುಟ್ಟ ವಾಸನೆ. ಅದನ್ನು ನಡೆಸುತ್ತಿದ್ದವಳು ಡಿಪ್ಲೊಮಾ ಓದಿದ ವಿದ್ಯಾ ಎಂಬ ಹುಡುಗಿ. ಹೊಲಿಯುವುದು ಮಾತ್ರ ಕೈಯಿಂದಲೇ, ಮೊಣಕಾಲ ನಡುವೆ ಮರದ ಇಕ್ಕಳದಲ್ಲಿ ಚರ್ಮ ಸಿಗಿಸಿಕೊಂಡು.

"ಎರಡೂ ಸೂಜಿ ನೀವ ಹಿಡೀರಿ" ಎಂದು ತಾರಾಬಾಯಿ ತೋರಿಸಿಕೊಟ್ಟಳು. ತೂತು ಸಿದ್ಧವಿದ್ದದ್ದರಿಂದ ಆರಿಯ ಗೊಡವೆ ಇರಲಿಲ್ಲ. ಆದರೂ ಮೊದಮೊದಲು ದುರಗವ್ವ ಒಂದು ಸೂಜಿ ದಾಟಿಸಿ ಸುಮ್ಮನೆ ಕೂತುಬಿಡುತ್ತಿದ್ದಳು. ಆ ಕಡೆಯಿಂದ ಯಾರೂ ಎಳೆಯುವವರಿಲ್ಲ ಎಂದು ನೆನಪಾಗಿ, ತಾನೇ ಎರಡೂ ಕಡೆ ಎಳೆಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಆಕೆಯದು ನಿಧಾನದ ಕೈ ಅಂದುಕೊಂಡರು.

ಒಂದು ದಿನ ಅವಳು ವಿದ್ಯಾಳನ್ನು ಕೇಳಿದಳು. "ಈ ಮಷಿನ್ನಿನ ತೂತ ಮುಂದ ಮುಚ್ಕೊಳ್ಳಂಗಿಲ್ಲೇನವಾ?"

"ಸುಟ್ಟ ತೂತ ಹೆಂಗ ಮುಚ್ತಾವ ಚಿಗವ್ವ? ಹಂಗ ಇರ್ತಾವ್ರಿ."

ದುರಗವ್ವನ ಎದೆ ಹಗುರಾಯಿತು. ಮರುದಿನವೇ ಅರಿವೆಯ ಗಂಟು ತಂದಳು. "ಇವು ಭಾಳ ಹಳೇವು. ತೂತ ಮುಚ್ಚಾಕತ್ತಾವು. ಸುಟ್ಟು ಕೊಡ್ತೀಯೇನು?"

"ಅದಕ್ಕೇನ್ರಿ, ಮಾಡಿ ಕೊಡ್ತೀನಿ."

ಇವು ಯಾರು ಹಾಕಿದ ತೂತು, ಯಾಕೆ ಹೀಗಿವೆ ಎಂದು ಹೇಳಬೇಕಿತ್ತು. ಹೇಳುವುದಾದರೂ ಹೇಗೆ? ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಗಂಡನ ಸುದ್ದಿ ತೆಗೆದರೆ ನಕ್ಕಾಳು ಎಂದು ನಾಚಿಕೆಯಾಯಿತು. ಬಾಯಿಗೆ ಬಂದ ಮಾತನ್ನು ನುಂಗಿ, ಮರ್ಯಾದೆಗೆ ಅನ್ನುವಂತೆ, "ಛಂದಾಗಿ ಮಾಡವಾ" ಅಂದುಬಿಟ್ಟಳು.

ವಿದ್ಯಾ ಊಟದ ಹೊತ್ತಿನಲ್ಲಿ ಊಟ ಬಿಟ್ಟು ಆ ಕೆಲಸ ಮಾಡಿದಳು. ಚರ್ಮದ ಚಿತ್ರವನ್ನು ಕಂಪ್ಯೂಟರಿಗೆ ತೆಗೆದುಕೊಂಡಳು. ತೂತುಗಳು ಅಲ್ಲಲ್ಲಿ ದೂರ ಬಿದ್ದದ್ದು ಕಂಡಿತು. ಶೆಡ್ಡಿನಿಂದ ಹೋದ ಸೊಟ್ಟ ತೂತಿನ ಚೀಲಗಳನ್ನು ಬೆಂಗಳೂರಿನ ಅಂಗಡಿಯವರು ವಾಪಸು ಕಳಿಸುತ್ತಿದ್ದ ಕಾಲ ಅದು. ಪಾಪ, ಯಾರದೋ ನಡುಗುವ ಕೈ ಅಂದುಕೊಂಡು, ಹಳೆಯ ತೂತಿದ್ದ ಅಂಚನ್ನು ಎಳೆಯಷ್ಟು ಕೊಯ್ದು ತೆಗೆದು, ಎಲ್ಲವನ್ನೂ ಒಂದೇ ಅಳತೆಗೆ ತಂದು ಸುಟ್ಟಳು.

"ಹೆಂಗ ಆಗ್ಯಾವ ನೋಡ್ರಿ ಚಿಗವ್ವ, ಒಂದೂ ಹೆಚ್ಚುಕಮ್ಮಿ ಇಲ್ಲ" ಎಂದು ನಗುತ್ತ ತಂದುಕೊಟ್ಟಳು.

ದುರಗವ್ವ ತುಂಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಾಡಿಸಿದಳು. ಮೊದಲ ಬದಿ ಸಮ. ತಳ ಸಮ. ಮೂರನೆಯದೂ ಸಮ. ನಾಯಿ ಇಲ್ಲ, ಗೋಡೆ ಇಲ್ಲ, ಮಾವನಿಲ್ಲ. ಅವತ್ತು ಒಂದು ಬದಿ ಸುಮ್ಮನಿದ್ದವನು ಈಗ ಮೂರೂ ಬದಿ ಸುಮ್ಮನಾಗಿದ್ದ.

ಹುಡುಗಿಯ ಮುಖ ನೋಡಿದಳು. ಹಸಿದುಕೊಂಡು ಮಾಡಿದ ಕೆಲಸ ಅದು. "ಛಲೋ ಆಗ್ಯಾವ ನನ್ನವ್ವ" ಅಂದಳು. "ಹೋಗು, ಲಗೂನ ಉಂಡು ಬಾ." ಅಷ್ಟು ಹೇಳಿ ಅಂಗಳದ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡಳು, ತಿರುಗಿ ತೊಳೆದುಕೊಂಡಳು. ಯಾರನ್ನು ಬಯ್ಯುವುದು? ಬಯ್ಯುವುದಕ್ಕೂ ಎದುರಿಗೊಬ್ಬರು ಬೇಕು.

ಆ ಐತವಾರ ಮಧ್ಯಾಹ್ನ, ಶೆಡ್ಡಿನಿಂದ ಕೇಳಿ ತಂದ ಇಕ್ಕಳವನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಖೋಲಿಯ ಬಾಗಿಲ ಬೆಳಕಿನಲ್ಲಿ ಕೂತಳು. ದಾರಕ್ಕೆ ಮೇಣ ಸವರಿ ಎರಡೂ ಸೂಜಿಗೆ ಪೋಣಿಸಿದಳು. ಎದುರಿನ ಜಾಗ ಖಾಲಿ ಇತ್ತು. ಅಲ್ಲಿ ಚಾಪೆ ಹಾಸಬೇಕೆಂದು ಎದ್ದವಳು, ಏನು ಹುಚ್ಚು ಎಂದು ತಿರುಗಿ ಕೂತಳು.

ಮೊದಲನೇ ಬದಿ ಹೊಲಿಯುತ್ತ ಹೋದಂತೆ ಒಂದು ಕಡೆ ಕೈ ತಾನಾಗಿ ನಿಂತಿತು. ಒಂಬತ್ತು ವರ್ಷ ಸೋಮವಾರ ಸೋಮವಾರ ಆಡಿದ ಬೆರಳು ಅದು, ಮಷಿನ್ನಿಗೆ ಗೊತ್ತಿಲ್ಲದ್ದು ಅದಕ್ಕೆ ಗೊತ್ತಿತ್ತು. ನಾಯಿ ಬರುವ ಜಾಗ. ದುರಗವ್ವ ಅಲ್ಲಿ ಒಂದು ತೂತು ಬಿಟ್ಟು ಮುಂದಿನದಕ್ಕೆ ಸೂಜಿ ಹಾಕಿದಳು. ಹೊಲಿಗೆ ಉದ್ದವಾಯಿತು. "ಹ್ಞೂಂ" ಅಂದಳು, ಮೆಲ್ಲಗೆ. ಗೋಡೆ ಹಾರುವಲ್ಲಿ ಇನ್ನೊಂದು ಬಿಟ್ಟಳು, ಹ್ಞೂಂ ಅಂದಳು. ತಳದಲ್ಲೂ ನೆನಪಿದ್ದಷ್ಟು ಬಿಟ್ಟಳು. ಹೊರಗೆ ಹೋಗುತ್ತಿದ್ದ ನೆರೆಮನೆಯ ಮಾಬೂಬಿ ಬಾಗಿಲಲ್ಲಿ ಇಣುಕಿ, "ಯಾರ ಬಂದಾರ ದುರಗವ್ವಾ, ಮಾತಾಡಾಕತ್ತೀದಿ?" ಎಂದು ಕೇಳಿದಳು.

"ಯಾರೂ ಇಲ್ಲವಾ" ಅಂದಳು ದುರಗವ್ವ. ಮಾಬೂಬಿ ಹೋದಳು.

ಮೂರನೇ ಬದಿ ಬಂತು. ಅಲ್ಲಿ ಬಿಡಬೇಕಾದ ತೂತು ಒಂದೂ ಇರಲಿಲ್ಲ. ಅಲ್ಲಿ ಅವನು ಮಾತಾಡಿರಲಿಲ್ಲ, ಅವಳು ನಿದ್ದೆ ಹೋಗಿದ್ದಳು. ಸೂಜಿ ಆ ಕಡೆ ದಾಟಿಸಿ, ಸೂಜಿ ಈ ಕಡೆ ತಂದು, ಎರಡೂ ಕೈಯಿಂದ ದಾರ ಎಳೆದು, ದುರಗವ್ವ ಹ್ಞೂಂ ಅಂದಳು. ಮುಂದಿನ ತೂತಿಗೂ ಹ್ಞೂಂ ಅಂದಳು. ಆ ಬದಿ ಮುಗಿಯುವ ತನಕ ಒಂದು ಹೊಲಿಗೆಯನ್ನೂ ಹ್ಞೂಂ ಅನ್ನದೆ ಬಿಡಲಿಲ್ಲ.