ಏಳು ಗಂಟೆಗೆ ತೆಗೆದ ಹಲಗೆ

ತದಡಿಯ ಹಿಂದೆ ಅಘನಾಶಿನಿ ಹೊಳೆ ಅಗಲವಾಗಿ ಹರಡಿಕೊಳ್ಳುವಲ್ಲಿ ನಮ್ಮ ಗಜನಿ ಗದ್ದೆಗಳಿದ್ದವು. ಉಬ್ಬರದ ಉಪ್ಪುನೀರನ್ನು ತಡೆಯಲು ಮಣ್ಣಿನ ಕಟ್ಟೆ, ಕಟ್ಟೆಯ ನಡುವೆ ಮರದ ಹಲಗೆಗಳ ಬಾಗಿಲು. ಇಳಿತದಲ್ಲಿ ಹಲಗೆ ತೆಗೆದು ಮಳೆನೀರನ್ನು ಹೊರಬಿಡಬೇಕು, ಹೊಳೆ ಏರುವ ಮೊದಲು ಮುಚ್ಚಬೇಕು. ಒಂಬತ್ತು ಮನೆಗಳ ಗದ್ದೆಗೆ ಅದೊಂದೇ ಬಾಗಿಲು. ಅದನ್ನು ನೋಡಿಕೊಳ್ಳುವುದು ಅಜ್ಜನ ಕಾಲದಿಂದ ನಮ್ಮ ಮನೆಯ ಕೆಲಸ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಕುಮಟೆಯಲ್ಲಿ ಓದು ಮುಗಿಸಿ ಊರ ಶಾಲೆಗೆ ಅಕ್ಕೋರಾಗಿ ಸೇರಿದ್ದೆ. ಆಷಾಢದಲ್ಲಿ ಅಪ್ಪ ಜ್ವರ ಬಂದು ಮಲಗಿದ.

"ನೀರು ನೋಡ್ಕಂಡು ತೆಗಿ, ನೀರು ನೋಡ್ಕಂಡು ಹಾಕು," ಎಂದಷ್ಟೇ ಹೇಳಿದ.

ಅಂದು ಏಕಾದಶಿ. ಏಳಕ್ಕೆ ಇಳಿತ ಶುರುವಾಗಿತ್ತು. ಏಳಕ್ಕೆ ತೆಗೆಯುವುದು, ಹತ್ತಕ್ಕೆ ಮುಚ್ಚುವುದು, ಆಮೇಲೆ ಶಾಲೆ ಎಂದು ಹೊತ್ತು ಗೊತ್ತು ಮಾಡಿಕೊಂಡೆ. ತಿಥಿಗೆ ಎರಡು ಗಳಿಗೆಯಂತೆ, ಅಂದರೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು, ಉಬ್ಬರ ತಡವಾಗುತ್ತ ಹೋಗುತ್ತದೆಂಬುದು ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ನನಗೂ ಗೊತ್ತಿತ್ತು. ಆದರೆ ಹಾಸ್ಟೆಲ್ಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡವಳು ನಾನು. ನೀರಿಗಿಂತ ಗಡಿಯಾರವನ್ನೇ ನೋಡಿದೆ. ನಡುವಿನ ದಿನಗಳ ಉಬ್ಬರ ಸಣ್ಣದಾದ್ದರಿಂದ ಏನೂ ಕೆಡಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆಯೂ ಏಳಕ್ಕೇ ತೆಗೆದೆ. ಅಂದು ಇಳಿತ ಶುರುವಾಗುವುದು ಹತ್ತರ ಮೇಲೆ, ಏಳಕ್ಕೆ ಹೊಳೆ ಇನ್ನೂ ಏರುತ್ತಿತ್ತು. ಮಳೆ ಹೊಯ್ಯುತ್ತಿತ್ತು. ಗದ್ದೆಯ ನೀರು ಮೊದಲು ಹೊರಗೇ ಹರಿದದ್ದನ್ನು ಕಂಡು, ಅಪ್ಪನಿಗೆ ಗಂಜಿ ಮಾಡಲು ಮನೆಗೆ ಹೋದೆ. ಹತ್ತಕ್ಕೆ ಬರುವಾಗ ಹೊಳೆಯೇ ಒಳಗಿತ್ತು.

ಮೊಣಕಾಲುದ್ದದ ನೀರಿನಲ್ಲಿ ಪಕ್ಕದ ಗದ್ದೆಯ ಮುದುಕಿ ನಿಂತಿದ್ದಳು. ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿ ಉಗಿದಳು.

"ಎಂತ ಅಕ್ಕೋರೇ, ನಿಮ್ಮ ಶಾಲಿ ಗಂಟೆ ಹೊಳಿಗೂ ಕೇಳ್ತದ್ಯಾ?"

"ಈಗ ಹಲಗೆ ಹಾಕ್ಲಾ?"

"ಈಗ ಹಾಕಿ ಎಂತ ಮಾಡ್ತೆ? ಉಪ್ಪು ಒಳಗೇ ನಿಲ್ತದೆ. ಇಳೂತನಕ ಕಾಯಿ."

ಕಾದೆ. ಅಂದು ಶಾಲೆಗೆ ಹೋಗಲಿಲ್ಲ. ಗಜನಿಯಲ್ಲಿ ಬಿತ್ತುವ ಕಗ್ಗ ಭತ್ತ ಬೆಳೆದ ಮೇಲೆ ಉಪ್ಪು ತಡೆಯುತ್ತದೆ. ಆದರೆ ಅದು ಹತ್ತು ದಿನದ ಸಸಿ. ಜೋರು ಮಳೆ ಬಂದರೆ ಉಪ್ಪು ತೊಳೆದು ಹೋಗುತ್ತದೆ ಎಂದರು ಊರವರು. ಮಾರನೇ ದಿನದಿಂದ ಬಿಸಿಲು. ವಾರದೊಳಗೆ ತಗ್ಗಿನ ನಾಲ್ಕು ಮನೆಗಳ ಸಸಿ ತುದಿಯಿಂದ ಕೆಂಪಾಗಿ ಸುಟ್ಟುಹೋಯಿತು. ಮುದುಕಿಯದೂ ಅದರಲ್ಲಿತ್ತು. ಮತ್ತೆ ಬಿತ್ತಲು ಯಾರಲ್ಲೂ ಬೀಜ ಉಳಿದಿರಲಿಲ್ಲ.

ಅಪ್ಪ ನನ್ನನ್ನು ಬಯ್ಯಲಿಲ್ಲ. ಕಂಬಳಿ ಹೊದ್ದು ಎದ್ದ, ಹಲಗೆ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡು ಮುದುಕಿಯ ಅಂಗಳಕ್ಕೆ ನಡೆದ. ಕೊಡು ಎಂದು ಯಾರೂ ಕೇಳಿರಲಿಲ್ಲ. ಬೇಡ ಎಂದೂ ಯಾರೂ ಅನ್ನಲಿಲ್ಲ.

"ಆತು, ಅಲ್ಲೇ ಇಡು," ಎಂದಳು ಮುದುಕಿ.

ಅಂದಿನಿಂದ ಹಲಗೆ ಎತ್ತುತ್ತಿದ್ದವಳು ಅವಳು. ನಾನು ಕಟ್ಟೆಯ ಮೇಲಿನ ಹತ್ತಿರದ ದಾರಿ ಬಿಟ್ಟು, ಅರ್ಧ ಗಂಟೆ ಮೊದಲೇ ಹೊರಟು, ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ.