ಗುರಣ್ಣನ ಎರಡು ತಂತಿ

ಬದುಕಿರುವ ಮನುಷ್ಯನ ಸಾವಿನ ತಂತಿಯನ್ನು ಈ ಕೈಯಾರೆ ಬರೆದಿದ್ದೇನೆ. ಅಕ್ಷರ ಮಾತ್ರ ದುಂಡಗಿದ್ದವು.

ಹೋದ ತಿಂಗಳ ಮಾತು. ನಮ್ಮ ಇಂಡಿ ಊರಲ್ಲಿ ಪಕ್ಕದ ಮನೆಯ ಗುರಣ್ಣ, ನಿಂಬೆ ತೋಟದವನು, ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಹಣ್ಣು ಆರಿಸುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಅಂಗಳದ ತುಂಬ ನಿಂಬೆಹಣ್ಣು ಉರುಳಿದವು. ಎದುರು ಓಣಿಯ ಡಾಕ್ಟರರು ಓಡಿ ಬಂದರು. ನಾಡಿ ಇಲ್ಲ. ಎರಡೂ ಕೈ ಊರಿ ಎದೆ ಒತ್ತತೊಡಗಿದರು. ಅವರ ಕಂಪೌಂಡರ್ ರಬ್ಬರ್ ಚೀಲ ಹಿಚುಕಿ ಬಾಯಿಗೆ ಗಾಳಿ ಹಾಕಿದ. ಇಂಜೆಕ್ಷನ್ನೂ ಆಯಿತು. ನಾನು ಗಡಿಯಾರ ನೋಡುತ್ತ ನಿಂತಿದ್ದೆ. (ನೋಡಬಾರದಿತ್ತು. ಸಾಲಿ ಮಾಸ್ತರನ ಚಟ.) ಅರ್ಧ ತಾಸಾಯಿತು. ಡಾಕ್ಟರರ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಕೈ ತೆಗೆದರು.

"ಇನ್ನ ನನ್ನ ಕೈಯಾಗ ಏನೂ ಉಳಿದಿಲ್ರಿ," ಅಂದರು.

ಗುರಣ್ಣನ ಹೆಂಡತಿ ನೀಲವ್ವ ಅಳಲಿಲ್ಲ. ಸೆರಗಿನಿಂದ ಅವನ ಬಾಯಿ ಒರೆಸುತ್ತ ಅಲ್ಲೇ ಕೂತಳು.

ನಾನೇನು ಮಾಡಿದೆ? ಚಪ್ಪಲಿ ಮೆಟ್ಟಿದೆ. ಮುದ್ದೇಬಿಹಾಳದಲ್ಲಿರುವ ಮಗಳು ಶಾಂತಾಗೆ ತಿಳಿಸಬೇಕಲ್ಲ. ಓಣಿಯಲ್ಲಿ ಇಂಗ್ಲಿಷ್ ಬರೆಯಬಲ್ಲವನು ನಾನೊಬ್ಬ. ಶಾಂತಾ ಏಳು ತಿಂಗಳ ಬಸುರಿ. ಮರುವಾರ ಗುರಣ್ಣನೇ ಹೋಗಿ ಹೆರಿಗೆಗೆ ಕರೆತರುವವನಿದ್ದ. ಈ ಸುದ್ದಿಗೆ ಅವಳಿಗೆ, ಹೊಟ್ಟೆಯ ಕೂಸಿಗೆ ಏನಾದೀತು ಎಂದು ದಾರಿಯಲ್ಲಿ ಯೋಚನೆ ಬಂತು. ಆದರೆ ಕಾಲು ನಿಲ್ಲಲಿಲ್ಲ.

'ಫಾದರ್ ಎಕ್ಸ್‌ಪೈರ್ಡ್, ಸ್ಟಾರ್ಟ್' ಎಂದು ಪೋಸ್ಟ್ ಆಫೀಸಿನಲ್ಲಿ ಬರೆದೆ: ಅಪ್ಪ ತೀರಿಕೊಂಡ, ಕೂಡಲೇ ಹೊರಡು. ಕೆಳಗೆ ಕಳಿಸಿದವರ ಜಾಗದಲ್ಲಿ ನೀಲವ್ವನ ಹೆಸರು.

ನಾಲ್ಕು ಜನ ಪಾಳಿಯಲ್ಲಿದ್ದರು. ತಂತಿ ಬಾಬು ನನ್ನ ಫಾರ್ಮ್ ಓದಿ, ಎಲ್ಲರನ್ನೂ ಬದಿಗಿಟ್ಟು ಕಟಕಟ ಎಂದು ಅದನ್ನೇ ಮೊದಲು ಕಳಿಸಿದ. ಸಾವಿನ ತಂತಿಗೆ ಪಾಳಿಯಿಲ್ಲ.

ಹಿಂದಿರುಗುವಾಗ ಓಣಿಯ ತಿರುವಿನಲ್ಲಿ ಕಂಪೌಂಡರ್ ಓಡುತ್ತ ಬಂದ.

"ಮಾಸ್ತರ್ರ, ತಂತಿ ಹಾಕಿದ್ರೇನು?"

"ಹಾಕೇ ಬಂದ್ನಲ್ಲೋ."

"ಹೊಳ್ಳಿ ಹೋಗ್ರಿ! ಗುರಣ್ಣನ ಎದಿ ಬಡ್ಯಾಕತ್ತೈತಿ!"

ಆದದ್ದಿಷ್ಟು. ಡಾಕ್ಟರರು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರಂತೆ. ನೀಲವ್ವ ಕೂಗಿದಳು: "ಸಾಹೇಬ್ರ, ಇವರ ಕೊಳ್ಳಾಗ ಏನೋ ಹಾರಾಕತ್ತೈತಿ, ನೋಡಬರ್ರಿ." ಅವರು ಒದ್ದೆ ಕೈಯಲ್ಲೇ ಸ್ಟೆತಾಸ್ಕೋಪ್ ಇಟ್ಟರು. ಬಡಿಯುತ್ತಿತ್ತು. ಯಾರೂ ಒತ್ತದೆ, ತಾನಾಗಿಯೇ. ಕೈ ಬಿಟ್ಟು ಏಳೆಂಟು ನಿಮಿಷವಾದ ಮೇಲೆ!

ನಾನು ಮತ್ತೆ ಪೋಸ್ಟ್ ಆಫೀಸಿಗೆ ಓಡಿದೆ.

"ಮೊದಲಿನ ತಂತಿ ನಿಲ್ಲಸ್ರಿ ಬಾಬು!"

"ಅದು ಆಗಲೇ ಮುದ್ದೇಬಿಹಾಳ ಮುಟ್ಟೇತ್ರಿ."

'ಫಾದರ್ ಅಲೈವ್' ಎಂದು ಬರೆದುಕೊಟ್ಟೆ. ಬಾಬು ತಲೆ ಕೆರೆದುಕೊಂಡ. "ಇದಕ್ಕ ಪಾಳಿ ಹಚ್ಚಬೇಕಲ್ರಿ. ಸತ್ರ, ಇಲ್ಲಾ ಸೀರಿಯಸ್ ಇದ್ರ ಮುಂದ ಬಿಡ್ತೇನಿ. ಬದುಕ್ಯಾನ ಅನ್ನೂದು ಸಾದಾ ತಂತಿ."

ಇದೆಂಥ ಕಾಯಿದೆ? ಪಾಳಿಯಲ್ಲಿದ್ದ ತಾಂಬಾ ಊರಿನ ಮುದುಕನೊಬ್ಬ ಬಾಬುವಿನ ಮೇಲೆ ಹರಿಹಾಯ್ದ: "ಏ ತಮ್ಮಾ, ಸೀರಿಯಸ್ ಅಂತ ಒಂದು ಸೇರಸ್ಕೊಂಡು ಬಿಡೋ! ಈಗಷ್ಟ ಸತ್ತು ಎದ್ದಾಂವ ಕುಸ್ತಿ ಹಿಡ್ಯಾಕ ಹೊಂಟಾನೇನು?"

ಸೇರಿಸಿದೆ. ಸುಳ್ಳೇನಲ್ಲವಲ್ಲ. ತಂತಿ ಕೂಡಲೇ ಓಡಿತು.

ಆ ಕಡೆಯ ಕತೆಯನ್ನು ಶಾಂತಾ ಆಮೇಲೆ ಹೇಳಿದಳು. "ಮೊದಲಿನ ತಂತಿ ಪೋಸ್ಟಮನ್ ಕೊಟ್ಟು ಹೋದ ಕಾಕಾ. ಇಂಡಿಗೆ ಬರಾಕ ಬಾಗೇವಾಡಿ ಬಸ್ಸಿಗೆ ಹೊಂಡಬೇಕಂತ ಚೀಲ ಹಿಡ್ಕೊಂಡು ಹೊಸ್ತಿಲದಾಗ ಕುಂತಿದ್ದೆ. ಅದ ಪೋಸ್ಟಮನ್ ಸೈಕಲ್ ಒಗದು ಓಡಿ ಬಂದ. ಅಪ್ಪ ಸತ್ತಿಲ್ಲ, ಸೀರಿಯಸ್ ಅದಾನ ಅಂತ ಕೇಳಿ ನಾ ನಗಾಕತ್ತೆ. ಅಳಾಕ ಬಂದ ಮಂದಿ, ಇವಳಿಗೆ ತಲಿ ಕೆಟ್ಟೇತಿ ಅಂದ್ರು!"

ಅವಳು, ಹೊಟ್ಟೆಯ ಕೂಸು ಇಬ್ಬರೂ ಕ್ಷೇಮ. ಈಗ ತವರಿನಲ್ಲೇ ಇದ್ದಾಳೆ.

ಇದು ಹೇಗಾಯಿತು ಎಂದು ಡಾಕ್ಟರರನ್ನು ಕೇಳಿದೆ. "ನನಗೂ ತಿಳಿದಿಲ್ರಿ. ನಾ ಕೈ ಬಿಟ್ಟೆ, ಆ ಎದಿ ಬಿಟ್ಟಿರಲಿಲ್ಲ. ಇನ್ನ ಮ್ಯಾಲೆ ಕೈ ಬಿಟ್ಟರೂ ಹತ್ತು ನಿಮಿಷ ನಾಡಿ ಹಿಡದು ಕೂಡಾಂವ," ಅಂದರು. ಗೊತ್ತಿಲ್ಲ ಎನ್ನುವ ಡಾಕ್ಟರರನ್ನು ನಾನು ನೋಡಿದ್ದು ಅದೇ ಮೊದಲು. ಅವರ ಮೇಲಿನ ಗೌರವ ಹೆಚ್ಚಾಯಿತು.

ನನ್ನ ಮೇಲಿನದು ಕಡಿಮೆಯಾಯಿತು. ನಿನ್ನ ಮಗ ಪಾಸಾದನೆಂದು ಸಿಂದಗಿಯ ತಂಗಿಗೆ ಒಂದು ಕಾರ್ಡು ಬರೆಯಲು ನನಗೆ ವಾರ ಹಿಡಿದಿತ್ತು. ಸಾವು ಎಂದ ಕೂಡಲೇ ಆ ಚುರುಕು ಎಲ್ಲಿಂದ ಬಂತು? ನೀಲವ್ವನಂತೆ ಸುಮ್ಮನೆ ಹತ್ತು ನಿಮಿಷ ಕೂರಲು ಏನಾಗಿತ್ತು?

ಬಿಜಾಪುರದ ದವಾಖಾನೆಯಲ್ಲಿ ಹದಿನೈದು ದಿನ ಇದ್ದು ಗುರಣ್ಣ ಮನೆಗೆ ಬಂದಿದ್ದಾನೆ. ಮತ್ತೆ ಕಟ್ಟೆಯ ಮೇಲೆ ನಿಂಬೆಹಣ್ಣು ಆರಿಸುತ್ತಾನೆ. ತನ್ನ ಹೆಸರಲ್ಲಿ ಹೋದ ತಂತಿಯ ಬಗ್ಗೆ ನೀಲವ್ವ ಈವರೆಗೆ ತುಟಿ ಬಿಚ್ಚಿಲ್ಲ. ಗುರಣ್ಣ ಮಾತ್ರ ದಿನಾ ನನ್ನನ್ನು ಕೇಳುತ್ತಾನೆ: "ನಾ ಕಣ್ಣು ತೆರೆದಾಗ ಓಣಿ ಮಂದಿ ಎಲ್ಲಾರೂ ಇದ್ರು. ನೀ ಒಬ್ಬ ಕಾಣಲಿಲ್ಲ. ಎಲ್ಲಿ ಹೋಗಿದ್ದೆಪಾ ಮಾಸ್ತರ?"

ನಾನು ನಿಂಬೆಯ ಮಾತು ತೆಗೆಯುತ್ತೇನೆ. ಆದರೆ ಪತ್ರಿಕೆಗೆ ನಾನು ಬರೆಯುವ ಈ ಅಂಕಣವನ್ನು ಅವನು ತಪ್ಪದೆ ಓದುತ್ತಾನೆ.

ಪೋಸ್ಟ್ ಆಫೀಸಿಗೆ ಹೋಗಿದ್ದೆ, ಗುರಣ್ಣ. ಎರಡು ಸಲ.