ಒಂಬತ್ತು ಮುಖಗಳ ಕೆಳಗಿನ ಬಟನ್

ಅಂಗೈಯಗಲದ ಫೋನಿನಲ್ಲಿ ದೊಡ್ಡವರ ಮುಖಕ್ಕೆ ಜಾಗ ಕೊಟ್ಟಷ್ಟೂ ಜನರ ಕೆಲಸಕ್ಕೆ ಜಾಗ ಕಡಿಮೆಯಾಗುತ್ತದೆ. ಇಷ್ಟು ಸಣ್ಣ ವಿಷಯ ಆ ಕಣ್ಣಾಸ್ಪತ್ರೆಯ ಆಡಳಿತ ಮಂಡಳಿಯ ತಲೆಗೆ ಹೋಗಿರಲಿಲ್ಲ.

ಅಲ್ಲಿ ಕಣ್ಣು ತೋರಿಸಿಕೊಳ್ಳಬೇಕೆಂದರೆ ಮೊದಲು ವೆಬ್ ಆ್ಯಪ್‌ನಲ್ಲಿ ಚೀಟಿ ಪಡೆಯಬೇಕು. ಆ ಪುಟದ ನೆತ್ತಿಗೊಂದು ಹೆಡರ್ ಚಿತ್ರ, ಪಾದಕ್ಕೊಂದು ಫೂಟರ್ ಚಿತ್ರ ಕೂರಿಸುವುದು ಎರಡನೇ ಮಹಡಿಯ ಗುಮಾಸ್ತೆಯ ಕೆಲಸ. ಪುಟದ ಮುಖ ತಿದ್ದುವವಳೆಂದು ಎಲ್ಲರೂ ಅವಳನ್ನು ‘ಮೇಕಪ್ ಮೇಡಂ’ ಎನ್ನುತ್ತಿದ್ದರು. ಮಂಡಳಿಗೆ ಹೊಸ ಸದಸ್ಯರು ಬಂದಾಗಲೆಲ್ಲ ಹೆಡರಿಗೆ ಒಂದು ತಲೆ ಏರುತ್ತಿತ್ತು. ಏರಿದ ತಲೆ ಇಳಿದದ್ದಿಲ್ಲ. ಒಂಬತ್ತನೆಯದು ಏರಿದಾಗ ಅಧ್ಯಕ್ಷರು ಯಾರದೋ ಫೋನಿನಲ್ಲಿ ಇಣುಕಿ, “ಫೋನಲ್ಲಿ ನಮ್ಮ ಮುಖ ಸಾಸಿವೆ ಕಾಳಿನಷ್ಟು ಕಾಣತ್ತಲ್ಲಮ್ಮ” ಎಂದು ಮುನಿಸಿಕೊಂಡರು. ಇವಳು ಹೂಂಗುಟ್ಟಿ, ಫೋನಿಗೆಂದೇ ಬೇರೆ ಚಿತ್ರ ಮಾಡಿ, ಸಾಲಿಗೆ ಮೂರರಂತೆ ಮುಖ ಜೋಡಿಸಿದಳು. ಫೋಟೋಗಳ ಬಣ್ಣಕ್ಕೆ ಬಣ್ಣ ಹೊಂದದ್ದರಿಂದ ಎಲ್ಲವನ್ನೂ ಕಪ್ಪು-ಬಿಳುಪು ಮಾಡಿದಳು. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತು. ಫೋನಿನಲ್ಲಿ ನೋಡುವ ಗೋಜಿಗೆ ಹೋಗಲಿಲ್ಲ.

ಮನೆಯಲ್ಲಿ ಅವಳ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ತಡಮಾಡುವಂತಿರಲಿಲ್ಲ. ಅತ್ತೆಯದೋ ಉಡದ ಹಠ: “ನನ್ನ ಕಣ್ಣು, ನನ್ನ ಚೀಟಿ. ನಾನೇ ತಗೋತೀನಿ. ನೀನು ಮಾಡ್ಕೊಡೋಕೆ ನಾನೇನು ತೊಟ್ಟಿಲಲ್ಲಿದ್ದೀನಾ?”

ವಾರ ಕಳೆದರೂ ಚೀಟಿ ಬರಲಿಲ್ಲ.

“ಏನಾಯ್ತತ್ತೆ?”

“ಪಾಪ ಕಣೇ, ನಿಮ್ಮ ಆಸ್ಪತ್ರೇಲಿ ಒಂಬತ್ತು ಜನ ಒಟ್ಟಿಗೇ ಹೋಗ್ಬಿಟ್ಟಿದ್ದಾರೆ. ಫೋಟೋ ಹಾಕಿದ್ದಾರೆ. ದಿನಾ ತೆಗೀತೀನಿ, ಕೈ ಮುಗೀತೀನಿ, ಮುಚ್ಚಿಡ್ತೀನಿ. ಸಾವಿನ ಮನೇಲಿ ನಿಂತು ಚೀಟಿ ಕೊಡಿ ಅನ್ನೋಕಾಗತ್ತಾ?”

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಫೋನು ಕೈಗೆತ್ತಿಕೊಂಡು ನೋಡಿದಳು. ಪರದೆ ತುಂಬ ಮುಖಗಳೇ. ಚೀಟಿಯ ಬಟನ್ ಎಲ್ಲೋ ಕೆಳಗೆ. ಹೀಗೆ ಕೈಮುಗಿದು ವಾಪಸಾದವರು ಇನ್ನೆಷ್ಟು ಮಂದಿಯೋ! ಹಿಂದಿನ ದಿನವಷ್ಟೇ ಮಂಡಳಿಯ ಸಭೆಯಲ್ಲಿ ‘ಜನಸಂದಣಿ ಕಡಿಮೆಯಾಗಿದೆ’ ಎಂದು ಚಪ್ಪಾಳೆ ತಟ್ಟಿದ್ದರು. ನಾಚಿಕೆಗೇಡು!

ಮರುದಿನ ಮುಖಗಳನ್ನು ಫೂಟರಿಗೆ ಇಳಿಸುತ್ತೇನೆಂದದ್ದಕ್ಕೆ ಅಧ್ಯಕ್ಷರು ಸಿಡಿದರು: “ನಮ್ಮನ್ನ ತಗೊಂಡ್ಹೋಗಿ ಕಾಲಡಿ ಹಾಕ್ತೀಯಾ?”

ಅವಳು ಮಧ್ಯಾಹ್ನ ಅತ್ತೆಗೆ ಏನೂ ಬಿಡಿಸಿ ಹೇಳದೆ ಅವರನ್ನು ಅಧ್ಯಕ್ಷರ ಕೋಣೆಗೇ ಕರೆತಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಮೇಜಿನ ಮೇಲೆ ಬಗ್ಗಿ ನೋಡಿ, ಕೂಗಿಯೇಬಿಟ್ಟರು: “ಅಯ್ಯೋ, ಇವರು ಇದ್ದಾರಲ್ಲೇ! ಮೊದಲನೇ ಸಾಲು, ಎಡಗಡೆಯವರು!”

“ಇದ್ದೀನಿ ಅಂದ್ರೆ ಏನಮ್ಮಾ ಅರ್ಥ?”

“ನಾನು ನಿಮಗೂ ಸೇರಿಸಿ ಏಳು ದಿನ ಕೈ ಮುಗಿದಿದ್ದೀನಪ್ಪಾ.”

ಅಧ್ಯಕ್ಷರು ಮೊಟ್ಟಮೊದಲ ಬಾರಿಗೆ ತಮ್ಮದೇ ಫೋನಿನಲ್ಲಿ ತಮ್ಮದೇ ಆಸ್ಪತ್ರೆಯ ಪುಟ ತೆರೆದರು. “ಬಟನ್ ಎಲ್ಲಮ್ಮಾ?”

“ನಿಮ್ಮೆಲ್ಲರ ಗದ್ದದ ಕೆಳಗಿದೆ ಸಾರ್.”

ಕಪ್ಪು-ಬಿಳುಪಿನ ತಮ್ಮನ್ನು ತಾವೇ ಒಂದು ಗಳಿಗೆ ದಿಟ್ಟಿಸಿ, ಅವರು ಹಣೆ ಒರೆಸಿಕೊಂಡರು. “ತೆಗಿಯಮ್ಮ. ಬದುಕಿರೋವಾಗ್ಲೇ ತೆಗಿ.”

ಅರ್ಧ ಗಂಟೆ ಹಿಡಿಯಿತು. ಹೆಡರು ಬೆರಳಗಲದ ಪಟ್ಟಿಯಾಯಿತು, ಅದರಲ್ಲಿ ಆಸ್ಪತ್ರೆಯ ಹೆಸರು ಮತ್ತು ಒಂದು ಕಣ್ಣಿನ ಚಿತ್ರ. ಅದರ ಕೆಳಗೇ ಬಟನ್. ಒಂಬತ್ತು ಮುಖಗಳು ಫೂಟರಿನಲ್ಲಿ ಒಂದೇ ಸಾಲಾಗಿ ಕುಳಿತವು. ಯಾರಿಗೂ ಅನುಮಾನ ಬಾರದಿರಲೆಂದು ಬಣ್ಣದಲ್ಲಿ. ಈ ಸಲ ಮೇಕಪ್ ಮೇಡಂ ಮೊದಲು ನೋಡಿದ್ದು ಫೋನಿನಲ್ಲಿ.

ಹೊರಗಿನ ಬೆಂಚಿನ ಮೇಲೆ ಕೂತು, ಯಾರ ಹಂಗೂ ಇಲ್ಲದೆ, ಅತ್ತೆ ಹೆಬ್ಬೆರಳು ಒತ್ತಿದರು. ಚೀಟಿ ಬಂತು: ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಲಿಫ್ಟಿನವನಿಗೂ ತೋರಿಸಿದರು. ಆಮೇಲೆ ಪುಟವನ್ನು ಕೆಳತುದಿಯವರೆಗೂ ಸರಿಸಿ, “ಇಲ್ಲಿ ಲಕ್ಷಣವಾಗಿ ಕಾಣ್ತಾರೆ ಬಿಡು” ಎಂದರು.

ನಿಮ್ಮ ಕಚೇರಿಯ ಪುಟವನ್ನು ಈಗಲೇ ಫೋನಿನಲ್ಲಿ ತೆರೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಿ. ಅವರ ಹೆಬ್ಬೆರಳಿಗೂ ಬಟನ್ನಿಗೂ ನಡುವೆ ನಿಮ್ಮ ಮುಖ ಅಡ್ಡ ನಿಂತಿದ್ದರೆ, ಇವತ್ತೇ ಕೆಳಗಿಳಿಯಿರಿ.